ಮುಖ ಕಪ್ಪು, ನೀರು ಬಿಳಿ: ಏನ್ ಮಾಡೋದು ಸಾರ್?

ರಜೆ ಮುಗಿಸ್ಕೊಂಡು ಎಲ್ರೂ ಹೊಳೆ, ಕೆರೆ, ಸಮುದ್ರ ಅಂತ ಸುತ್ತಿ ಬಂದಿದೀರ ಅನ್ಸುತ್ತೆ, ಈ ಸಲ ಬಂದ ಫೋಟೋಗ್ರಫಿ ಪ್ರಶ್ನೆಗಳಲ್ಲಿ ಹೆಚ್ಚಿನವು ನೀರಿನ ದಡದಲ್ಲೇ ನಿಂತಿವೆ. ಕೇಳಿರೋದೂ ಹೆಚ್ಚುಕಡಿಮೆ ಒಂದೇ: ಫೋಟೋದಲ್ಲಿ ನೀರು ಚೆನ್ನಾಗಿ ಬಂದ್ರೆ ಮನುಷ್ಯ ಕಾಣಲ್ಲ, ಮನುಷ್ಯ ಕಂಡ್ರೆ ನೀರು ಸುಣ್ಣ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸಾರ್, ತಂಗಿಗೆ ಮದುವೆ ಗೊತ್ತಾಗಿದೆ. ಮರವಂತೆ ಬೀಚಲ್ಲಿ ಸಂಜೆ ಹುಡುಗ ಹುಡುಗಿನ ನಿಲ್ಸಿ ಫೋಟೋ ತೆಗ್ದೆ. ಸೂರ್ಯ, ಸಮುದ್ರ ಎಲ್ಲಾ ಚಂದ ಬಂದಿದೆ, ಇವರಿಬ್ಬರ ಮುಖ ಮಾತ್ರ ಮಸಿ ಬಳ್ದ ಹಾಗೆ. ಬ್ರೈಟ್ ಮಾಡಿದ್ರೆ ಆಕಾಶ ಬೆಳ್ಳಗೆ ಹೋಗ್ತದೆ. ನಂದು ಹಳೇ ಕ್ಯಾಮೆರಾ, ಹೊಸದು ತಗೊಂಡ್ರೆ ಸರಿ ಆಗ್ತದಾ? ಎಂತ ಮಾಡುದು? (ಕುಂದಾಪುರದಿಂದ)

ಉತ್ತರ: ಹೊಸ ಕ್ಯಾಮೆರಾ ಬೇಡ ಮಾರಾಯ್ರೆ, ಆ ದುಡ್ಡು ಮದುವೆ ಖರ್ಚಿಗಾಗ್ಲಿ. ಕ್ಯಾಮೆರಾದ ಮೀಟರ್, ಅಂದ್ರೆ ಬೆಳಕು ಅಳೆಯೋ ಭಾಗ, ಫ್ರೇಮಲ್ಲಿರೋ ಬೆಳಕನ್ನೆಲ್ಲಾ ಒಟ್ಟು ಹಾಕಿ ಒಂದು ನಡುಮಧ್ಯದ ಬೂದು ಬಣ್ಣಕ್ಕೆ ತಂದು ನಿಲ್ಸೋಕೆ ನೋಡುತ್ತೆ, ಫೋಟೋದವ್ರು 18 ಪರ್ಸೆಂಟ್ ಗ್ರೇ ಅಂತಾರಲ್ಲ ಅದು. ನಿಮ್ಮ ಫ್ರೇಮಲ್ಲಿ ಮೇಲೆ ಸೂರ್ಯ, ಕೆಳಗೆ ಅದೇ ಸೂರ್ಯನ ಬೆಳಕನ್ನ ನಿಮ್ಮ ಕಡೆಗೇ ಎಸೀತಿರೋ ನೀರು, ಇವೆರಡನ್ನೂ ನೋಡಿ ಮೀಟರ್ ಎಕ್ಸ್‌ಪೋಷರ್ (ಒಳಗೆ ಬಿಡೋ ಬೆಳಕು) ಇಳಿಸಿಬಿಡ್ತು, ನೆರಳಲ್ಲಿದ್ದ ಮುಖಗಳು ಅದರ ಜೊತೆ ಇಳಿದ್ವು. ಮುಖಕ್ಕೂ ಹಿಂದಿನ ಆಕಾಶಕ್ಕೂ ಐದು ಸ್ಟಾಪ್ ವ್ಯತ್ಯಾಸ ಇದೆ ಅಂತಿಟ್ಕೊಳ್ಳಿ, ಒಂದೊಂದು ಸ್ಟಾಪಿಗೂ ಬೆಳಕು ಡಬಲ್ ಆಗೋದ್ರಿಂದ ಅದು 32 ಪಟ್ಟು. ನಿಮ್ಮ ಕಣ್ಣು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಹೊಂದಿಸ್ಕೊಂಡು ಎರಡನ್ನೂ ನೋಡುತ್ತೆ, ಕ್ಯಾಮೆರಾ ಒಂದು ಕ್ಲಿಕ್ಕಿಗೆ ಒಂದೇ ಲೆಕ್ಕ ಹಿಡಿಯುತ್ತೆ. ಲಕ್ಷ ರೂಪಾಯಿ ಕ್ಯಾಮೆರಾ ತಂದ್ರೂ ಆಮೇಲೆ ಕಂಪ್ಯೂಟರಲ್ಲಿ ಮುಖ ಎತ್ತೋಕೆ ಸ್ವಲ್ಪ ಜಾಗ ಜಾಸ್ತಿ ಸಿಗುತ್ತೆ, ಆದ್ರೆ ಮುಖದ ಮೇಲೆ ಇಲ್ಲದ ಬೆಳಕನ್ನ ಅದು ಎಲ್ಲಿಂದ ತರುತ್ತೆ ಹೇಳಿ.

ನಿಮ್ಮ ಊರಿನ ವಿಷಯಕ್ಕೇ ಬರೋಣ. ಕರಾವಳಿ ಉದ್ದಕ್ಕೂ ಸಮುದ್ರ ಇರೋದು ಪಡುವಣಕ್ಕೆ. ಅಂದ್ರೆ ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ಯಾರು ನಿಂತ್ರೂ ಬೆಳಕು ಬೆನ್ನ ಹಿಂದೆ, ಬ್ಯಾಕ್‌ಲೈಟೇ. ಬೆಳಿಗ್ಗೆ ಅದು ಉಲ್ಟಾ, ಸೂರ್ಯ ಘಟ್ಟದ ಕಡೆಯಿಂದ ಏರಿ ಬರ್ತಾನೆ, ಸಮುದ್ರಕ್ಕೆ ಬೆನ್ನು ಹಾಕಿದವರ ಮುಖಕ್ಕೇ ಬೆಳಕು, ಹಿಂದೆ ನೀರು ತನ್ನ ಬಣ್ಣದಲ್ಲಿ ತಾನಿರುತ್ತೆ. ಬೆಳಿಗ್ಗೆ ಏಳು ಗಂಟೆಗೆ ಮದುಮಕ್ಕಳನ್ನ ಏಳ್ಸಿ ರೆಡಿ ಮಾಡ್ಸೋದು ಫೋಟೋಗ್ರಫಿ ವಿಷಯ ಅಲ್ಲ, ಅದನ್ನ ನೀವೇ ನೋಡ್ಕೊಳ್ಳಿ.

ಸಂಜೆನೇ ಬೇಕು ಅಂದ್ರೆ ಮರವಂತೆಯಲ್ಲಿ ಒಂದು ಸೌಲಭ್ಯ ಇದೆ, ಬೇರೆ ಬೀಚಲ್ಲಿ ಸುಲಭಕ್ಕೆ ಸಿಗಲ್ಲ. ಹೈವೇ 66ರ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಎಲ್ರೂ ಸಮುದ್ರದ ಕಡೆ ಮುಗಿ ಬೀಳ್ತಾರೆ, ನೀವು ಹೊಳೆ ಕಡೆ ಹೋಗಿ. ಇಬ್ಬರನ್ನೂ ಹೊಳೆಗೆ ಬೆನ್ನು ಮಾಡಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಸಿ, ಇಳಿಯೋ ಸೂರ್ಯನ ಬಂಗಾರದ ಬೆಳಕೆಲ್ಲಾ ಅವರ ಮುಖದ ಮೇಲೆ, ಹಿಂದೆ ಹೊಳೆ, ತೆಂಗಿನ ತೋಟ, ಆಚೆ ದೂರದಲ್ಲಿ ಬೆಟ್ಟದ ಸಾಲು. ಬೆಳಕಿನ ಜಗಳವೇ ಇಲ್ಲ, ಆಟೋದಲ್ಲಿ ಹೊಡೆದ್ರೂ ಬರುತ್ತೆ. ಸೂರ್ಯ ಇನ್ನೂ ಮೇಲಿದ್ರೆ ಕಣ್ಣು ಕಿರಿದು ಮಾಡ್ತಾರೆ, ಆಗ ಕಣ್ಣು ಮುಚ್ಕೊಳ್ಳೋಕೆ ಹೇಳಿ ಒಂದು ಎರಡು ಮೂರು ಅಂತ ಎಣಿಸಿ ತೆರೆದ ತಕ್ಷಣ ಹೊಡೀರಿ. ಹಿಂದೆ ಹಿಂದೆ ಸರೀತಾ ರಸ್ತೆಗೆ ಹೋಗ್ಬೇಡಿ, ಅಲ್ಲಿ ಲಾರಿಗಳು ನಿಮ್ಮ ಫ್ರೇಮ್ ನೋಡಿ ನಿಲ್ಲಲ್ಲ.

ಇಲ್ಲ ಸಮುದ್ರ ಮತ್ತು ಸೂರ್ಯಾಸ್ತವೇ ಬೇಕು ಅಂದ್ರೆ ಎರಡು ದಾರಿ. ಸೂರ್ಯ ಮುಳುಗೋ ತನಕ ಸಿಲೂಯೆಟ್ ಮಾಡಿ, ಅಂದ್ರೆ ಬೆಳಕಿನ ಎದುರು ಬರೀ ಕಪ್ಪು ಆಕೃತಿ, ಮುಖದ ಆಸೆ ಪೂರ್ತಿ ಬಿಟ್ಟುಬಿಡಿ. ಇಬ್ಬರೂ ಪಕ್ಕಕ್ಕೆ ತಿರುಗಿ ಮೂಗು, ಗಲ್ಲ ಬಿಡಿಬಿಡಿಯಾಗಿ ಕಾಣ್ಬೇಕು, ತಬ್ಕೊಂಡು ನಿಂತ್ರೆ ಒಂದು ಕಪ್ಪು ಮುದ್ದೆ ಆಗುತ್ತೆ. ನೀರೂ ಆಕಾಶವೂ ಸೇರೋ ಗೆರೆ ಕುತ್ತಿಗೆ ಮೇಲೆ ಹಾದು ಹೋಗದ ಹಾಗೆ ನೀವು ಸ್ವಲ್ಪ ಕೂತ್ಕೊಳ್ಳಿ. ಎರಡನೇದು, ಸೂರ್ಯ ಮುಳುಗಿದ ಮೇಲೂ ಅಲ್ಲೇ ಇರಿ. ಜನ ಎಲ್ಲಾ ಚಪ್ಪಲಿ ಕೊಡವಿ ಹೊರಡ್ತಾರಲ್ಲ, ಆಗಲೇ ಆಕಾಶದ ಬೆಳಕೂ ಮುಖದ ಬೆಳಕೂ ಹತ್ತಿರ ಹತ್ತಿರ ಬರೋದು. ಯೂಟ್ಯೂಬಲ್ಲಿ ಯುರೋಪಿನವ್ರು ಗಂಟೆಗಟ್ಟಲೆ ಇರುತ್ತೆ ಅಂತಾರೆ, ಅದನ್ನ ನಂಬ್ಕೊಂಡು ಟೀ ಕುಡಿಯೋಕೆ ಹೋಗ್ಬೇಡಿ. ನಮ್ಮ ಕಡೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿತಾನೆ, ಮುಳುಗಿ 20-25 ನಿಮಿಷಕ್ಕೆ ಆಟ ಮುಗೀತು. ಅಷ್ಟರಲ್ಲಿ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತೆ ಅನ್ನೋ ಐಎಸ್‌ಒ 800, 1600 ಅಂತ ಏರಿಸ್ತಾ ಹೋಗಿ, ಶಟರ್ ಸೆಕೆಂಡಿನ 1/125 ಕ್ಕಿಂತ ನಿಧಾನ ಆಗದಿದ್ರೆ ಸಾಕು.

ಪ್ರಶ್ನೆ: ಸರ್ ನಮಸ್ಕಾರ ರೀ. ನಮ್ಮ ಅಜ್ಜಾರದು ಒಂದು ಚಲೋ ಫೋಟೋ ತಗೀಬೇಕಂತ ಆಸೆ ಐತಿ. ಬಾದಾಮಿ ಅಗಸ್ತ್ಯ ತೀರ್ಥದ ದಂಡಿಗೆ ಕುಂದರಿಸಿ ತಗದೆ. ಅವರು ಬಣ್ಣ ಕಪ್ಪು, ಉಟ್ಟದ್ದು ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಪಟಕಾ. ಧೋತರದಾಗ ಒಂದು ನಿರಿಗೀನೂ ಕಾಣವಲ್ದು, ಮಾರಿ ಸರಿ ಮಾಡಾಕ ಹೋದ್ರ ಇನ್ನಷ್ಟು ಬೆಳ್ಳಗ ಆಗತೈತಿ. ಎಡಿಟಿಂಗ್ನಾಗ ಬಣ್ಣ ತಿಳಿ ಮಾಡು ಅಂತ ಗೆಳ್ಯಾರು ಅಂತಾರ. (ಬಾಗಲಕೋಟೆ ಜಿಲ್ಲೆಯಿಂದ)

ಉತ್ತರ: ಮೊದಲು ಕೊನೇ ಮಾತಿಗೆ ಉತ್ತರ. ಅಜ್ಜಾರ ಬಣ್ಣ ತಿಳಿ ಮಾಡ್ಬೇಡಿ. ಗೆಳೆಯರಿಗೆ ನನ್ನ ಹೆಸರು ಹೇಳಿ ಬೈದುಬಿಡಿ. ಕಪ್ಪು ಬಣ್ಣದ ಮುಖ ಫೋಟೋದಲ್ಲಿ ಕಪ್ಪಾಗೇ ಇರ್ಬೇಕು, ಅದರೊಳಗೆ ಕಣ್ಣಿನ ಹೊಳಪು, ಕೆನ್ನೆ ಮೂಳೆ, ಹಣೆ ಗೆರೆ ಕಾಣ್ಬೇಕು, ಅದು ಕಾಣೋದು ಬೆಳಕು ಬರೋ ದಿಕ್ಕಿನಿಂದ, ಬ್ರೈಟ್‌ನೆಸ್ ಸ್ಲೈಡರಿನಿಂದ ಅಲ್ಲ.

ಈಗ ಬಟ್ಟೆ. ಇಂಥ ಕಡೆ ನಾನು ಮಾಡೋದು ಹೀಗೆ. ಕ್ಯಾಮೆರಾನ ಸ್ಪಾಟ್ ಮೀಟರಿಂಗಿಗೆ ಹಾಕಿ (ಫ್ರೇಮಿನ ಒಂದು ಚಿಕ್ಕ ಚುಕ್ಕಿಯ ಬೆಳಕನ್ನ ಮಾತ್ರ ಅಳೆಯುತ್ತೆ), ಎಲ್ಲಾ ನಾವೇ ಹೊಂದಿಸೋ ಮ್ಯಾನುಯಲ್ ಮೋಡಲ್ಲಿ ಧೋತರದ ಅತಿ ಬೆಳ್ಳಗಿರೋ ಜಾಗದ ಮೇಲೆ, ಸಾಮಾನ್ಯವಾಗಿ ಮೊಣಕಾಲ ಮೇಲೆ ಬಿಸಿಲು ಬಿದ್ದಿರೋ ಕಡೆ, ಆ ಚುಕ್ಕಿ ಇಡಿ. ಮೀಟರ್ ಸೊನ್ನೆಗೆ ಬಂದಾಗ ಹೊಡೆದ್ರೆ ಧೋತರ ಬೂದಿ ಬಣ್ಣಕ್ಕೆ ಬರುತ್ತೆ, ಯಾಕಂದ್ರೆ ಮೀಟರಿಗೆ ಎಲ್ಲಾನೂ ಬೂದಿ ಮಾಡೋ ಚಟ. ಅಲ್ಲಿಂದ ಒಂದೂವರೆ ಸ್ಟಾಪ್, ಹೆಚ್ಚಂದ್ರೆ ಎರಡು ಮೇಲೆ ಏರಿಸಿ. ಈಗ ಧೋತರ ಬಿಳಿಯಾಗೂ ಇರುತ್ತೆ, ನಿರಿಗೆನೂ ಉಳಿಯುತ್ತೆ, ಅದಕ್ಕಿಂತ ಮೇಲೆ ಹೋದ್ರೆ ನಿರಿಗೆ ಹೋಯ್ತು. ಕ್ಯಾಮೆರಾದಲ್ಲಿ ಹೈಲೈಟ್ ಅಲರ್ಟ್ ಅಂತ ಇರುತ್ತೆ, ಆನ್ ಮಾಡ್ಕೊಳ್ಳಿ, ಸುಟ್ಟೋದ ಜಾಗ ಸ್ಕ್ರೀನಲ್ಲಿ ಮಿಣಮಿಣ ಅಂತಿರುತ್ತೆ. ನೀರಿನ ಮೇಲಿನ ಎರಡು ಮಿಂಚು ಮಿಣುಕಿದ್ರೆ ತಲೆ ಕೆಡಿಸ್ಕೋಬೇಡಿ, ಅದು ಹಾಗೇ ಇರ್ಬೇಕು, ಧೋತರ ಮಿಣುಕಬಾರದು ಅಷ್ಟೇ.

ಹೀಗೆ ಮಾಡಿದಾಗ ಮುಖ ಎಷ್ಟಕ್ಕೆ ಬಂತು ನೋಡಿ. ತೀರಾ ಕೆಳಗೆ ಹೋಗಿದ್ರೆ ಎಕ್ಸ್‌ಪೋಷರ್ ಮುಟ್ಟಬೇಡಿ, ಅಜ್ಜಾರನ್ನ ತಿರುಗಿಸಿ. ಬಾದಾಮಿಯಲ್ಲಿ ಭೂತನಾಥ ಗುಡಿ ಇರೋದು ಹೊಂಡದ ಮೂಡಣ ದಂಡೆಗೆ, ಸಂಜೆ ಬಿಸಿಲು ಪಡುವಣದಿಂದ ಊರು ದಾಟಿ ನೀರು ದಾಟಿ ಅಲ್ಲಿಗೆ ಬಂದು ಬೀಳುತ್ತೆ. ಅಜ್ಜಾರನ್ನ ಆ ದಂಡೆ ಕಡೆ ಮೆಟ್ಟಿಲ ಮೇಲೆ ಕೂರಿಸಿ, ಮುಖ ನೀರಿನ ಕಡೆ, ಪೂರ್ತಿ ನೇರ ಬೇಡ, ಒಂದು ಕೆನ್ನೆಗೆ ಬೆಳಕು ಹೆಚ್ಚು ಬೀಳೋ ಹಾಗೆ ಸ್ವಲ್ಪ ಓರೆ. ಕಪ್ಪು ಚರ್ಮದ ಚೆಂದ ಇರೋದೇ ಆ ಪಕ್ಕದ ಬೆಳಕು ಕೊಡೋ ಮಿರುಗಲ್ಲಿ. ಇನ್ನೊಂದು ಲಾಭ, ತೊಡೆ ಮೇಲಿನ ಬಿಳಿ ಧೋತರವೇ ರಿಫ್ಲೆಕ್ಟರ್, ಅಂದ್ರೆ ಬೆಳಕು ವಾಪಸ್ ಎಸೆಯೋ ಹಲಗೆಯ ಕೆಲಸ ಮಾಡಿ ಗದ್ದದ ಕೆಳಗಿನ ನೆರಳನ್ನ ತಿಳಿ ಮಾಡುತ್ತೆ, ಪಟಕಾದ ನೆರಳು ಹಣೆ ಮೇಲೆ ಜಾಸ್ತಿ ಬಂದ್ರೆ ಗದ್ದ ಒಂದು ಚೂರು ಮೇಲೆತ್ತೋಕೆ ಹೇಳಿ. ಹಿನ್ನೆಲೆಗೆ ಕೆಂಪು ಕಲ್ಲಿನ ಬೆಟ್ಟ ಇಟ್ಕೊಳ್ಳಿ, ಬಿಳಿ ಆಕಾಶ ಬೇಡ. ಬಿಳಿ ಬಟ್ಟೆ ಹಿಂದೆ ಬಿಳಿ ಆಕಾಶ ಬಂತು ಅಂದ್ರೆ ಪಟಕಾ ಎಲ್ಲಿ ಮುಗೀತು ಮೋಡ ಎಲ್ಲಿ ಶುರುವಾಯ್ತು ಅಂತಲೇ ಗೊತ್ತಾಗಲ್ಲ. ಫೋಟೋ ಬಂದ್ಮೇಲೆ ನನಗೂ ಒಂದು ಕಳಿಸಿ.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ನಮ್ಮತ್ತಿಗೆ ಕಾವೇರಿಗೆ ಬಾಗಿನ ಬಿಡೋದಿತ್ತು. ಪುರೋಹಿತರು ಹನ್ನೆರಡು ಗಂಟೆ ಅಂದ್ರು, ಮಾತಾಡೋ ಹಾಗಿಲ್ಲ. ಎಲ್ರ ಕಣ್ಣೂ ಗುಳಿ ಬಿದ್ದ ಹಾಗೆ, ಮೂಗಿನ ನೆರಳು ತುಟಿ ಮೇಲೆ. ನೀರು ಬೆಳಕನ್ನ ವಾಪಸ್ ಎಸೆಯುತ್ತೆ ಅಂತ ಓದಿದ್ದೆ, ಎಲ್ಲಿ ಎಸೀತು? (ಮೈಸೂರಿನಿಂದ)

ಉತ್ತರ: ಎಸೆಯುತ್ತೆ, ಆದ್ರೆ ಎಲ್ಲಾ ಹೊತ್ತಲ್ಲೂ ಒಂದೇ ಥರ ಎಸೆಯಲ್ಲ. ಸೂರ್ಯ ನೆತ್ತಿ ಮೇಲಿದ್ದಾಗ ನೀರಿಗೆ ಬಿದ್ದ ಬಿಸಿಲಲ್ಲಿ ನೂರಕ್ಕೆ ಎರಡು ಭಾಗ ಮಾತ್ರ ವಾಪಸ್ ಬರೋದು, ಉಳಿದಿದ್ದೆಲ್ಲಾ ಒಳಗೆ ಹೋಗುತ್ತೆ. ಅದೇ ಸೂರ್ಯ ದಿಗಂತದಿಂದ ಹತ್ತು ಡಿಗ್ರಿ ಎತ್ತರದಲ್ಲಿದ್ದಾಗ ಮೂರನೇ ಒಂದು ಭಾಗದಷ್ಟು ವಾಪಸ್. ಹಾಗಾಗಿ ನೀರಿನ ರಿಫ್ಲೆಕ್ಟರ್ ಬೆಳಿಗ್ಗೆ ಸಂಜೆ ಡ್ಯೂಟಿ ಮಾಡುತ್ತೆ, ಮಧ್ಯಾಹ್ನ ರಜಾ. ಮಧ್ಯಾಹ್ನ ನಿಮಗೆ ಸಹಾಯಕ್ಕೆ ಬರೋದು ನೀರಲ್ಲ, ಮೆಟ್ಟಿಲು. ಬಿಸಿಲು ಬಿದ್ದ ತಿಳಿ ಬಣ್ಣದ ಕಲ್ಲು ಒಳ್ಳೇ ಬೆಳಕು ಕೊಡುತ್ತೆ.

ಬಾಗಿನ ಬಿಡೋ ಕ್ಷಣವನ್ನ ನೀವು ಬದಲಾಯಿಸೋಕಾಗಲ್ಲ, ಹೌದು. ಆದ್ರೆ ಆ ಕ್ಷಣದಲ್ಲಿ ಅತ್ತಿಗೆ ಏನ್ ಮಾಡ್ತಿರ್ತಾರೆ ಯೋಚನೆ ಮಾಡಿ. ಬಗ್ಗಿ ಮೊರ ನೀರಿಗೆ ಬಿಡ್ತಿರ್ತಾರೆ, ತಲೆ ಕೆಳಗೆ, ಮೇಲಿನ ಬಿಸಿಲೆಲ್ಲಾ ಕೂದಲಿಗೆ ಹೂವಿಗೆ ಬೀಳುತ್ತೆ, ಇಡೀ ಮುಖ ನೆರಳಲ್ಲಿ. ಇದು ಕೆಟ್ಟದ್ದಲ್ಲ, ಇಡೀ ಮುಖ ಒಂದೇ ನೆರಳಲ್ಲಿದ್ರೆ ಕಣ್ಣುಗುಳಿ ಸಮಸ್ಯೆ ಇಲ್ಲ! ನೀವು ಮೇಲಿನ ಮೆಟ್ಟಿಲಿಂದ ತೆಗಿಯೋ ಬದಲು ಎರಡು ಮೆಟ್ಟಿಲು ಕೆಳಗಿಳಿದು ಪಕ್ಕದಿಂದ ತೆಗೀರಿ, ಪ್ಲಸ್ ಒಂದು ಸ್ಟಾಪ್ ಕೊಡಿ, ಹೂವಿನ ಮೇಲಿನ ಬಿಸಿಲು ಸ್ವಲ್ಪ ಸುಟ್ರೆ ಸುಡ್ಲಿ. ಮೊರದೊಳಗಿನ ಬಳೆ, ಅರಿಶಿನ ಕುಂಕುಮ, ಹಸಿರು ಕಣದ ಬಟ್ಟೆಗೆ ಆ ಗಡಸು ಬಿಸಿಲೇ ಚೆಂದ, ಅವನ್ನ ಬೇರೆಯಾಗಿ ಹತ್ತಿರದಿಂದ ತೆಕ್ಕೊಳ್ಳಿ. ಮನೆಯವರೆಲ್ಲಾ ಸಾಲಾಗಿ ನಿಲ್ಲೋ ಗ್ರೂಪ್ ಫೋಟೋ ಮಾತ್ರ ಬಿಸಿಲಲ್ಲಿ ಬೇಡ, ಮರದ ನೆರಳಿನ ಅಂಚಿಗೆ ಕರ್ಕೊಂಡು ಹೋಗಿ. ಅಂಚು ಅಂದೆ. ಮರದ ಬುಡಕ್ಕೇ ಹೋದ್ರೆ ಎಲೆ ಹಸಿರು ಮುಖಕ್ಕೆ ಬಂದು ಎಲ್ರೂ ಪಿತ್ತ ಆದವರ ಥರ ಕಾಣ್ತಾರೆ, ಎಲೆ ಸಂದಿಯ ಬಿಸಿಲಿನ ಚುಕ್ಕಿಗಳು ಬೇರೆ.

ಪ್ರಶ್ನೆ: ರಿಫ್ಲೆಕ್ಟರ್ ಕೊಳ್ಳೋ ಬದಲು ಮನೇಲಿರೋ ಕನ್ನಡಿ ಬಳಸಬಹುದಾ? (ಶಿವಮೊಗ್ಗದಿಂದ)

ಉತ್ತರ: ಕನ್ನಡಿನ ಸಿನಿಮಾದವರು ಬಳಸಿದಾರೆ. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರು 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಹೊರಗಿನ ಬಿಸಿಲನ್ನ ದೊಡ್ಡ ಕನ್ನಡಿಗಳಿಂದ ಸ್ಟುಡಿಯೋ ಒಳಗೆ ತಿರುಗಿಸಿ ಆ ಪ್ರಸಿದ್ಧ ಬೆಳಕಿನ ಕೋಲು ತಂದ್ರು. ಮುಂದೆ ಅವರಿಗೆ ಫಾಲ್ಕೆ ಪ್ರಶಸ್ತಿ ಬಂತು, ಒಬ್ಬ ಕ್ಯಾಮೆರಾಮನ್‌ಗೆ ಅದು ಬಂದಿದ್ದು ಅದೇ ಮೊದಲು. ಆದ್ರೆ ಅವರಿಗೆ ಬೇಕಿದ್ದಿದ್ದು ಕತ್ತಲಲ್ಲಿ ಒಂದು ಗಡಸು ಕೋಲು. ನಿಮಗೆ ಬೇಕಿರೋದು ಹೊಳೆ ದಡದಲ್ಲಿ ನಿಂತ ಹುಡುಗಿ ಮುಖದ ಮೇಲೆ ಮೆತ್ತಗಿನ ಬೆಳಕು. ಕನ್ನಡಿಯಿಂದ ಬಿಸಿಲು ಹೊಡೆದ್ರೆ ಎರಡನೇ ಸೂರ್ಯ ಹುಟ್ತಾನೆ, ಆಕೆ ಕಣ್ಣು ಬಿಡೋಕಾಗಲ್ಲ, ಮುಖದ ಮೇಲೆ ಚೌಕಾಕಾರದ ಬಿಸಿಲು. ಥರ್ಮಾಕೋಲ್ ಶೀಟ್ ತಗೊಳ್ಳಿ, ಸ್ಟೇಷನರಿ ಅಂಗಡೀಲಿ ಸಿಗುತ್ತೆ, ಇಲ್ಲಾಂದ್ರೆ ಬಿಳಿ ಪಂಚೆ ಇಬ್ಬರು ಹಿಡ್ಕೊಂಡ್ರೆ ಆಯ್ತು. ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಸಂಜೆ ಬೆಳಕು ಕಮ್ಮಿ ಆದಾಗ ಸರಿ, ಬಿಸಿಲಿದ್ದಾಗ ಬಿಳಿಯೇ ಸಾಕು. ಹಿಡಿಯೋರು ಸೊಂಟದಿಂದ ಕೆಳಗೆ ಹಿಡ್ಕೊಂಡು ಮೇಲಕ್ಕೆ ಬೆಳಕು ಬಿಟ್ರೆ ಭೂತದ ಸಿನಿಮಾ ಆಗುತ್ತೆ, ಎದೆ ಎತ್ತರಕ್ಕೆ, ಪಕ್ಕದಿಂದ ಹಿಡಿಯೋಕೆ ಹೇಳಿ. ದಡದಲ್ಲಿ ಗಾಳಿ ಇರುತ್ತೆ, ಥರ್ಮಾಕೋಲ್ ಹಾರಿ ಹೊಳೆಗೆ ಬಿದ್ರೆ ತೆಗೆಯೋರು ನೀವೇ.

ಪ್ರಶ್ನೆ: ಸಿಪಿಎಲ್ ಫಿಲ್ಟರ್ ಹಾಕಿದ್ರೆ ನೀರಿನ ಹೊಳಪು ಹೋಗಿ ಮುಖ ನೀರು ಎರಡೂ ಸಮ ಆಗುತ್ತೆ ಅಂತ ಅಂಗಡಿಯವ್ರು ಹೇಳಿದ್ರು, ನಿಜಾನಾ? (ಬೆಂಗಳೂರಿನಿಂದ)

ಉತ್ತರ: ಅರ್ಧ ನಿಜ, ಅರ್ಧ ವ್ಯಾಪಾರ. ಸಿಪಿಎಲ್ ಅಂದ್ರೆ ಪೋಲರೈಸರ್, ಲೆನ್ಸ್ ಮುಂದೆ ಹಾಕೋ ಗಾಜು. ಅದು ನೀರಿನ ಹೊಳಪು ಚೆನ್ನಾಗಿ ತೆಗೆಯೋದು ನೀವು ನೀರನ್ನ ಒಂದು ಕೋನದಲ್ಲಿ ನೋಡ್ತಿದ್ದಾಗ. ನೀರಿನ ಮಟ್ಟದಿಂದ ಲೆಕ್ಕ ಹಾಕಿದ್ರೆ ಸುಮಾರು 37 ಡಿಗ್ರಿ. ಅಂದ್ರೆ ದಂಡೆ ಮೇಲೆ ನಿಂತು ಕೆಳಗೆ ನೀರಲ್ಲಿ ಕಾಲು ಇಳಿಬಿಟ್ಟು ಕೂತವರನ್ನ ತೆಗಿವಾಗ ಅದು ಅದ್ಭುತ, ನೀರೊಳಗಿನ ಕಲ್ಲು, ಕಾಲ್ಬೆರಳು ಎಲ್ಲಾ ಕಾಣುತ್ತೆ. ದೂರದ ನೀರನ್ನ ನೇರಕ್ಕೆ ನೋಡುವಾಗ, ಅದರಲ್ಲೂ ಸೂರ್ಯನಿಗೆ ಎದುರಾಗಿ ಹೊಡಿಯುವಾಗ ಅಷ್ಟೊಂದು ಪ್ರಯೋಜನ ಇಲ್ಲ. ಬೆವರು ಎಣ್ಣೆಯ ಮಿಂಚು ಮುಖದ ಮೇಲಿದ್ರೆ ಅದೂ ಸ್ವಲ್ಪ ಕಮ್ಮಿ ಆಗುತ್ತೆ, ಬಾದಾಮಿಯ ಅಜ್ಜಾರಿಗೆ ಮಾತ್ರ ಹಾಕ್ಬೇಡಿ, ಅವರಿಗೆ ಆ ಮಿರುಗೇ ಬೇಕು. ಹಾಕಿದ್ರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಳ್ಕೋತೀರ ಅನ್ನೋದು ಜ್ಞಾಪಕ ಇರ್ಲಿ, ಸಂಜೆ ಆ ಎರಡು ಸ್ಟಾಪು ನಿಮಗೇ ಬೇಕಾಗಿರುತ್ತೆ. ಮತ್ತೆ ನೆರಳಲ್ಲಿರೋ ಮುಖಕ್ಕೆ ಅದು ಒಂದು ಹನಿ ಬೆಳಕೂ ಸೇರಿಸಲ್ಲ. ನೀರಲ್ಲಿ ಗುಡಿ, ತೆಪ್ಪದ ಪ್ರತಿಬಿಂಬ ಬೇಕು ಅಂದ್ರೆ ಬಿಚ್ಚಿ ಜೇಬಿಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಪ್ರತಿಬಿಂಬನೂ ಹೊಳಪಿನ ಜೊತೆ ಹೊರಟೋಗುತ್ತೆ.

ಪ್ರಶ್ನೆ: ಫ್ಲ್ಯಾಶ್ ಇದೆ ನನ್ ಹತ್ರ, ಸಮುದ್ರದ ಹತ್ರ ಹಾಕಿದ್ರೆ ಮನುಷ್ಯನ್ನ ಕತ್ತರಿಸಿ ಅಂಟಿಸಿದ ಹಾಗೆ ಬರುತ್ತೆ. (ಕಾರವಾರದಿಂದ)

ಉತ್ತರ: ಪವರ್ ಜಾಸ್ತಿ, ಬಣ್ಣ ಬೇರೆ, ಅದಕ್ಕೆ. ಮೊದಲು ಫ್ಲ್ಯಾಶ್ ಆಫ್ ಮಾಡಿ ಆಕಾಶ ನೀರು ಎರಡೂ ಇಷ್ಟ ಆಗೋ ಹಾಗೆ ಎಕ್ಸ್‌ಪೋಷರ್ ಇಟ್ಕೊಳ್ಳಿ. ಶಟರ್ ಮಾತ್ರ ನಿಮ್ಮ ಕ್ಯಾಮೆರಾದ ಸಿಂಕ್ ಸ್ಪೀಡ್ (ಫ್ಲ್ಯಾಶ್ ಜೊತೆ ಹೊಂದೋ ಅತಿ ವೇಗದ ಶಟರ್) ದಾಟಬಾರದು, ಸುಮಾರು ಕ್ಯಾಮೆರಾಗಳಲ್ಲಿ 1/200 ಅಥವಾ 1/250. ಆಮೇಲೆ ಫ್ಲ್ಯಾಶ್ ಆನ್ ಮಾಡಿ, ಟಿಟಿಎಲ್ಲಲ್ಲಿ (ಫ್ಲ್ಯಾಶ್ ಪವರನ್ನ ಕ್ಯಾಮೆರಾನೇ ಲೆಕ್ಕ ಹಾಕೋ ಮೋಡ್) ಮೈನಸ್ ಒಂದು ಅಥವಾ ಒಂದೂವರೆ ಸ್ಟಾಪ್ ಇಳಿಸಿ. ಮುಖ ಕಾಣ್ಬೇಕು, ಆದ್ರೆ ಹಿಂದಿನ ಆಕಾಶಕ್ಕಿಂತ ಬೆಳ್ಳಗೆ ಕಾಣಬಾರದು, ಬ್ಯಾಕ್‌ಲೈಟಲ್ಲಿ ನಿಂತವರ ಮುಖ ಸ್ವಲ್ಪ ಕಪ್ಪಿರೋದೇ ಸಹಜ ಅಲ್ವಾ. ಸಂಜೆ ಬೆಳಕು ಕೇಸರಿ, ಫ್ಲ್ಯಾಶ್ ಬೆಳಕು ನೀಲಿ-ಬಿಳಿ, ಅದಕ್ಕೇ ಅಂಟಿಸಿದ ಹಾಗೆ ಕಾಣೋದು. ಫ್ಲ್ಯಾಶಿನ ಬಾಯಿಗೆ ಕಿತ್ತಳೆ ಬಣ್ಣದ ಜೆಲ್, ಅಂದ್ರೆ ತೆಳು ಪಾರದರ್ಶಕ ಹಾಳೆ, ಹಾಕಿ. ಆಮೇಲೆ ಅದನ್ನ ಕ್ಯಾಮೆರಾ ತಲೆ ಮೇಲಿಂದ ಇಳಿಸಿ ಯಾರಾದ್ರೂ ಗೆಳೆಯರ ಕೈಗೆ ಕೊಡಿ, ದೂರದಿಂದ ಫ್ಲ್ಯಾಶ್ ಹೊಡೆಸೋ ಒಂದು ಸಾದಾ ಟ್ರಿಗರ್ ಇದ್ರೆ ಸಾಕು, ಪಕ್ಕದಿಂದ ಬೆಳಕು ಬರ್ಲಿ. ನೇರ ಎದುರಿಂದ ಹೊಡೆದ್ರೆ ಮುಖ ಚಪ್ಪಟೆ. ಉಪ್ಪು ಗಾಳಿ ಅಲ್ವಾ, ಮನೆಗೆ ಬಂದ್ಮೇಲೆ ಫ್ಲ್ಯಾಶಿನ ಕಾಲು, ಬ್ಯಾಟರಿ ಬಾಗಿಲು ಒಣ ಬಟ್ಟೇಲಿ ಒರೆಸಿ.

ಪ್ರಶ್ನೆ: ನಮ್ಮತ್ರ ಇರೋದು ಮೊಬೈಲ್ ಮಾತ್ರ. ಎಚ್‌ಡಿಆರ್ ಹಾಕಿದ್ರೆ ಮುಖ ಪ್ಲಾಸ್ಟಿಕ್ ಥರ, ತೆಗೆದ್ರೆ ಕಪ್ಪು. (ದಾವಣಗೆರೆಯಿಂದ)

ಉತ್ತರ: ಎಚ್‌ಡಿಆರ್ ಅಂದ್ರೆ ಇಷ್ಟೇ, ಮೊಬೈಲ್ ಒಂದೇ ಕ್ಲಿಕ್ಕಿಗೆ ಒಂದರ ಹಿಂದೊಂದು ಸುಮಾರು ಫ್ರೇಮ್ ತೆಗೆದು ಕೂಡಿಸಿ ಎಲ್ಲಾ ಕಡೆ ಬೆಳಕು ಸಮ ಮಾಡುತ್ತೆ, ನೆರಳು ಅನ್ನೋದೇ ಉಳಿಯಲ್ಲ, ಅದಕ್ಕೆ ಪ್ಲಾಸ್ಟಿಕ್. ಮುಖದ ಮೇಲೆ ಬೆರಳು ಒತ್ತಿ ಹಿಡೀರಿ, ಲಾಕ್ ಆಗುತ್ತೆ, ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತೆ, ಅದನ್ನ ಸ್ವಲ್ಪ ಕೆಳಗೆ ಎಳೆದು ಮುಖ ನಿಜಕ್ಕಿಂತ ಒಂಚೂರು ಕಪ್ಪಗಿರೋ ಹಾಗೆ ಬಿಡಿ. ಪೋರ್ಟ್ರೇಟ್ ಮೋಡ್ ನೀರಿನ ಎದುರು ಬೇಡ, ಹಾರಾಡೋ ಕೂದಲನ್ನೆಲ್ಲಾ ಕತ್ತರಿಸಿ ಹಾಕುತ್ತೆ. ಲೆನ್ಸ್ ಒರೆಸಿ! ಜೇಬಿನ ಜಿಡ್ಡು ಹತ್ತಿದ ಲೆನ್ಸಲ್ಲಿ ನೀರಿನ ಮಿಂಚು ಉದ್ದುದ್ದ ಗೆರೆಯಾಗಿ ಮುಖದ ಮೇಲೆ ಹಾಯುತ್ತೆ, ಜನ ಅದನ್ನ ಮೊಬೈಲ್ ಹಾಳಾಗಿದೆ ಅಂತ ಸರ್ವಿಸ್ ಸೆಂಟರಿಗೆ ತಗೊಂಡು ಹೋಗ್ತಾರೆ.

ಪ್ರಶ್ನೆ: ರಾ ಫೈಲಲ್ಲಿ ತೆಗೆದ್ರೆ ಇಷ್ಟೆಲ್ಲಾ ತಲೆನೋವು ಬೇಕಾ? (ಹಾಸನದಿಂದ)

ಉತ್ತರ: ರಾ, ಅಂದ್ರೆ ಕ್ಯಾಮೆರಾ ತಾನು ಕೈಯಾಡಿಸದೆ ಹಾಗೇ ಇಡೋ ಫೈಲ್, ತೆಗೀರಿ, ಬೇಡ ಅನ್ನಲ್ಲ. ಕಪ್ಪಾದ ಮುಖವನ್ನ ಎರಡು ಸ್ಟಾಪ್ ಆರಾಮಾಗಿ ಎತ್ತಬಹುದು, ಸ್ವಲ್ಪ ಕಾಳು ಕಾಳು ಬರುತ್ತೆ ಅಷ್ಟೇ. ಆದ್ರೆ ಪೂರ್ತಿ ಸುಟ್ಟು ಬೆಳ್ಳಗಾದ ನೀರಲ್ಲಿ ಎತ್ತೋಕೆ ಇಳಿಸೋಕೆ ಏನೂ ಇರಲ್ಲ, ಇಳಿಸಿದ್ರೆ ಬಿಳಿ ಹೋಗಿ ಕೊಳಕು ಬೂದಿ ಬರುತ್ತೆ. ಅದಕ್ಕೆ ಅನುಮಾನ ಬಂದಾಗ ಅರ್ಧ ಸ್ಟಾಪ್ ಕಮ್ಮಿ ಕಡೆಗೇ ಹೊಡೀರಿ. ಮತ್ತೆ ಮುಖ ಎತ್ತುವಾಗ ಇಡೀ ಫೋಟೋ ಎತ್ತಬೇಡಿ, ಮಾಸ್ಕ್ ಹಾಕಿ (ಬೇಕಾದ ಜಾಗ ಮಾತ್ರ ಆರಿಸ್ಕೊಳ್ಳೋದು) ಮುಖ ಮತ್ತು ಕತ್ತು ಎರಡನ್ನೂ ಸೇರಿಸಿ ಎತ್ತಿ. ಮುಖ ಮಾತ್ರ ಎತ್ತಿ ಕತ್ತು ಮರೆತವರ ಫೋಟೋಗಳು ಮದುವೆ ಆಲ್ಬಮ್ಮಲ್ಲಿ ಬೇಕಾದಷ್ಟು ಸಿಗ್ತವೆ. ಪ್ರಿಂಟ್ ಹಾಕ್ಸೋದಾದ್ರೆ ಲ್ಯಾಬಿಗೆ ಕಳಿಸೋ ಮುಂಚೆ ನಿಮ್ಮ ಸ್ಕ್ರೀನ್ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಒಂದ್ಸಲ ನೋಡಿ, ಕಾಗದದ ಮೇಲೆ ಬರೋದು ಸುಮಾರು ಅಷ್ಟೇ ಬೆಳಕು.